ಎರಡು ಸಲ ತೊಡಿಸಿದ ಉಂಗುರ

ಕಥೋಲಿಕ ಚರ್ಚಿನಲ್ಲಿ ನಡೆದ ನನ್ನ ಮದುವೆಯ ದಿನ ನಾನು ನನ್ನ ಗಂಡನ ಬೆರಳಿಗೆ ಉಂಗುರವನ್ನು ಎರಡು ಸಲ ತೊಡಿಸಿದೆ. ಮೊದಲನೆಯ ಸಲ ತೊಡಿಸಿದ್ದು, ಆಶೀರ್ವದಿಸಿದ ಉಂಗುರವನ್ನು ಗುರುಗಳು, ಅಂದರೆ ಪಾದ್ರಿಗಳು, ನನ್ನ ಕೈಗೆ ಕೊಟ್ಟಾಗ. ಎರಡನೆಯ ಸಲ ತೊಡಿಸಿದ್ದು, ಬಲಿಪೀಠದ ಮೆಟ್ಟಿಲನ್ನೇರಿ ನಿಂತಿದ್ದ ಫೋಟೋಗ್ರಾಫರ್ ‘ಸ್ವಲ್ಪ ಈ ಕಡೆ ತಿರುಗಿ, ಇನ್ನೊಂದು ಸಲ’ ಎಂದು ಕೈಸನ್ನೆ ಮಾಡಿದಾಗ. ನಾನು ಮರುಮಾತಿಲ್ಲದೆ ಉಂಗುರವನ್ನು ಅರ್ಧ ಹೊರಕ್ಕೆ ಎಳೆದು, ಮತ್ತೆ ಒಳಕ್ಕೆ ತಳ್ಳಿ, ಕ್ಯಾಮೆರಾ ಕಡೆಗೆ ನಕ್ಕೆ. ನಮ್ಮ ಆಲ್ಬಮ್ಮಿನಲ್ಲಿ ಇರುವುದು ಆ ಎರಡನೆಯ ಸಲದ ಚಿತ್ರ. ಅಂದು ಬೈಬಲ್ಲಿನಿಂದ ಓದಿದ ವಾಚನಗಳು ಯಾವುವು, ಆಮೇಲಿನ ಉಪದೇಶದಲ್ಲಿ, ಅಂದರೆ ಪ್ರಬೋಧನೆಯಲ್ಲಿ, ಗುರುಗಳು ಏನು ಹೇಳಿದರು ಎಂದು ಈಗ ಯಾರಾದರೂ ಕೇಳಿದರೆ ನನಗೆ ಒಂದು ವಾಕ್ಯವೂ ನೆನಪಾಗುವುದಿಲ್ಲ; ಹೂವಿನ ಬಣ್ಣ ಮಾತ್ರ ನೆನಪಿದೆ.

ಎಂಟು ವರ್ಷಗಳ ಬಳಿಕ ನನ್ನ ತಂಗಿಗೆ ಮದುವೆ ನಿಶ್ಚಯವಾದಾಗ ಅವಳು ನನ್ನ ಬಳಿ ಬಂದು, ‘ಅಕ್ಕಾ, ಉಳಿದದ್ದನ್ನೆಲ್ಲ ಬೇರೆಯವರು ನೋಡಿಕೊಳ್ಳುತ್ತಾರೆ, ಚರ್ಚಿನೊಳಗಿನದನ್ನು ಮಾತ್ರ ನೀನು ನಮ್ಮ ಜೊತೆ ಕೂತು ಸಿದ್ಧಮಾಡಿಸು, ಅದು ಅರ್ಥಪೂರ್ಣವಾಗಿರಬೇಕು’ ಎಂದಳು. ಅರ್ಥಪೂರ್ಣ ಎಂಬ ಪದವನ್ನು ಕೇಳಿದರೆ ನನಗೆ ಸ್ವಲ್ಪ ಭಯ. ಮದುವೆಯ ಸಂದರ್ಭದಲ್ಲಿ ಆ ಪದವನ್ನು ಬಳಸುವವರು ಸಾಮಾನ್ಯವಾಗಿ ವಿಧಿಗೆ ಏನನ್ನಾದರೂ ಸೇರಿಸಲು ಹೊರಟಿರುತ್ತಾರೆ: ಒಂದು ವಿಶೇಷ ಮೇಣದಬತ್ತಿ, ಒಂದು ವಿಶೇಷ ಹಾಡು, ತಾವೇ ಬರೆದ ಒಂದು ಪುಟದ ಪ್ರತಿಜ್ಞೆ. ನಾನು ಅವಳಿಗೆ, ಸೇರಿಸುವ ಮಾತು ಆಮೇಲೆ, ಮೊದಲು ಈಗಾಗಲೇ ಅಲ್ಲಿ ಇರುವುದೇನು ಎಂಬುದನ್ನು ಮೂವರೂ ಕೂತು ಓದೋಣ ಎಂದು ಹೇಳಿ, ನಮ್ಮ ಧರ್ಮಕೇಂದ್ರದ (ಪ್ಯಾರಿಷ್‌ನ) ಗುರುಗಳಿಂದ ವಿವಾಹವಿಧಿಯ ಪುಸ್ತಕವನ್ನು ಕೇಳಿ ತಂದೆ. ಕಥೋಲಿಕ ಬಿಷಪ್ಪರು ಸೇರಿ ನಡೆಸಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ತೀರ್ಮಾನದಂತೆ 1969ರಲ್ಲಿ ಹೊಸದಾಗಿ ರೂಪುಗೊಂಡು, 1991ರಲ್ಲಿ ಇನ್ನಷ್ಟು ವಿಸ್ತಾರಗೊಂಡ ವಿಧಿ ಅದು. ನನ್ನ ಮದುವೆಗೆ ಮೊದಲು ನಾನು ಆ ಪುಸ್ತಕವನ್ನು ಕಣ್ಣಿನಿಂದಲೂ ನೋಡಿರಲಿಲ್ಲ.

ಮೊದಲ ದಿನ ಇಬ್ಬರಿಗೂ ಒಂದು ಪ್ರಶ್ನೆ ಕೇಳಿದೆ: ಈ ಸಂಸ್ಕಾರವನ್ನು ನೀಡುವವರು ಯಾರು? ಇಬ್ಬರೂ ಒಟ್ಟಿಗೆ ‘ಫಾದರ್’ ಎಂದರು. ಬಹುಮಟ್ಟಿಗೆ ಎಲ್ಲರೂ ಹಾಗೆಯೇ ಹೇಳುತ್ತಾರೆ. ಲ್ಯಾಟಿನ್ ವಿಧಿಯ, ಅಂದರೆ ರೋಮಿನ ಆರಾಧನಾ ಸಂಪ್ರದಾಯದ, ಧರ್ಮಸಭೆಯಲ್ಲಿ ಬೆಳೆದುಬಂದ ಬೋಧನೆಯಂತೆ, ವಿವಾಹ ಸಂಸ್ಕಾರವನ್ನು ವಧುವು ವರನಿಗೆ, ವರನು ವಧುವಿಗೆ ನೀಡುತ್ತಾರೆ. ಗುರುಗಳು ಅವರ ಸಮ್ಮತಿಯನ್ನು ಧರ್ಮಸಭೆಯ ಹೆಸರಿನಲ್ಲಿ ಕೇಳಿ ಸ್ವೀಕರಿಸುತ್ತಾರೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 1057ನೇ ನಿಯಮ ಇದನ್ನೇ ಕಾನೂನಿನ ಭಾಷೆಯಲ್ಲಿ ಹೇಳುತ್ತದೆ: ಮದುವೆಯನ್ನು ಉಂಟುಮಾಡುವುದು ಇಬ್ಬರ ಸಮ್ಮತಿ, ಮತ್ತು ಆ ಸಮ್ಮತಿಯ ಜಾಗವನ್ನು ಬೇರಾವ ಮಾನವ ಅಧಿಕಾರವೂ ತುಂಬಲಾರದು. ಹಾಗಿದ್ದರೆ ಗುರುಗಳೂ ಸಾಕ್ಷಿಗಳೂ ಏಕೆ ಬೇಕೆಂಬುದಕ್ಕೆ ಒಂದು ಇತಿಹಾಸವಿದೆ. 1563ರವರೆಗೆ ಇಬ್ಬರು ಯಾರೂ ಇಲ್ಲದ ಕಡೆ ಪರಸ್ಪರ ಮಾತು ಕೊಟ್ಟರೂ ಅದು ಊರ್ಜಿತ ಮದುವೆಯೇ ಆಗಿತ್ತು. ಆಮೇಲೆ ಒಬ್ಬರು ಮಾತು ತಪ್ಪಿದರೆ ಇನ್ನೊಬ್ಬರ ಬಳಿ ಯಾವ ಪುರಾವೆಯೂ ಇರುತ್ತಿರಲಿಲ್ಲ. ಟ್ರೆಂಟ್ ಮಹಾಸಭೆ ಆ ವರ್ಷ ಗುರುಗಳು ಮತ್ತು ಸಾಕ್ಷಿಗಳ ಎದುರಿನಲ್ಲಿಯೇ ಸಮ್ಮತಿ ಹೇಳಬೇಕೆಂದು ವಿಧಿಸಿದ್ದು ಇಂಥ ಗುಪ್ತ ಮದುವೆಗಳನ್ನು ತಡೆಯಲು. ಪೂರ್ವದೇಶಗಳ ಆರಾಧನಾ ಸಂಪ್ರದಾಯವನ್ನು ಅನುಸರಿಸುವ ಕಥೋಲಿಕ ಧರ್ಮಸಭೆಗಳಲ್ಲಿ ಗುರುಗಳ ಆಶೀರ್ವಾದವೇ ಮದುವೆಯ ಅವಶ್ಯ ಅಂಗವಾದ್ದರಿಂದ ಅಲ್ಲಿಯ ಕ್ರಮ ಬೇರೆ. ನಾನು ಬರೆಯುತ್ತಿರುವುದು ಲ್ಯಾಟಿನ್ ವಿಧಿಯ ಕುರಿತು ಮಾತ್ರ.

ಈ ಒಂದು ವಿಷಯ ಮನಸ್ಸಿಗೆ ಇಳಿದ ಮೇಲೆ ನಮ್ಮ ಯೋಜನೆಯ ದಿಕ್ಕೇ ಬದಲಾಯಿತು. ಸುಮಾರು ಒಂದು ಗಂಟೆಯ ಆರಾಧನೆಯಲ್ಲಿ ಸಮ್ಮತಿಯ ಮಾತುಗಳಿಗೆ ಹಿಡಿಯುವುದು ಒಂದು ನಿಮಿಷಕ್ಕಿಂತ ಕಡಿಮೆ. ಆ ಮಾತುಗಳನ್ನು ಹೇಳುವವರು ತಾವು ಏನು ಹೇಳುತ್ತಿದ್ದೇವೆಂದು ತಿಳಿದು ಹೇಳಬೇಕು, ಸೇರಿದವರಿಗೆ ಅವು ಕೇಳಿಸಬೇಕು, ಅದಕ್ಕೆ ಮುಂಚಿನದೆಲ್ಲ ಅದರ ಕಡೆಗೆ ಕರೆದೊಯ್ಯಬೇಕು, ಅಡ್ಡ ಬರುವುದು ಏನಿದ್ದರೂ ಪಕ್ಕಕ್ಕೆ ಸರಿಯಬೇಕು. ಅನಂತರದ ಪ್ರತಿಯೊಂದು ತೀರ್ಮಾನವನ್ನೂ ನಾವು ಈ ಅಳತೆಗೋಲಿನಿಂದಲೇ ಅಳೆದೆವು.

ಕಾಗದಪತ್ರಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಹೊಸದಾಗಿ ಪಡೆದ ಜ್ಞಾನಸ್ನಾನದ ಪ್ರಮಾಣಪತ್ರ, ದೃಢೀಕರಣ ಸಂಸ್ಕಾರದ ದಾಖಲೆ, ವಿವಾಹಪೂರ್ವ ತರಬೇತಿಯ ಪತ್ರ, ಮದುವೆಯ ಪ್ರಕಟಣೆ, ದೇಶದ ಕಾನೂನಿನಂತೆ ಬೇಕಾಗುವ ನೋಂದಣಿ. ಇವುಗಳಿಗಾಗಿ ಕೆಲವು ತಿಂಗಳು ಮುಂಚೆಯೇ ಗುರುಗಳನ್ನು ಕಾಣಬೇಕು. ಹಳೆಯ ಜ್ಞಾನಸ್ನಾನದ ಪತ್ರ ಮನೆಯಲ್ಲಿರುವಾಗ ಹೊಸದು ಏಕೆ ಎಂದು ವರ ಕೇಳಿದರು. ಯಾರದೇ ಮದುವೆಯಾದರೂ ಅದರ ವಿವರವನ್ನು ಅವರ ಜ್ಞಾನಸ್ನಾನ ನಡೆದ ಚರ್ಚಿನ ದಾಖಲೆ ಪುಸ್ತಕದಲ್ಲಿ ಅವರ ಹೆಸರಿನ ಎದುರು ಬರೆದಿಡಲಾಗುತ್ತದೆ. ಆದ್ದರಿಂದ ಆ ಪುಸ್ತಕದಿಂದ ಈಗ ತೆಗೆದ ಪ್ರತಿಯೇ ವ್ಯಕ್ತಿ ಅವಿವಾಹಿತರೆಂಬುದನ್ನು ತೋರಿಸುತ್ತದೆ. ಇನ್ನೊಂದು ಎಚ್ಚರಿಕೆ: ಮದುವೆಯನ್ನು ನೆಂಟರಲ್ಲಿಯೋ ಸ್ನೇಹಿತರಲ್ಲಿಯೋ ಇರುವ ಬೇರೆ ಕಡೆಯ ಗುರುಗಳು ನಡೆಸಿಕೊಡಬೇಕೆಂದಿದ್ದರೆ, ಆ ಚರ್ಚಿನ ಧರ್ಮಕೇಂದ್ರದ ಗುರುಗಳಿಂದ ಅಥವಾ ಅಲ್ಲಿಯ ಧರ್ಮಾಧ್ಯಕ್ಷರಿಂದ (ಬಿಷಪ್ಪರಿಂದ) ಅವರಿಗೆ ಅಧಿಕಾರ ದೊರೆತಿರಬೇಕು. ಇದು ಬರಿಯ ಸೌಜನ್ಯದ ಮಾತಲ್ಲ. ಮದುವೆಯ ಊರ್ಜಿತತ್ವವೇ ಇದರ ಮೇಲೆ ನಿಂತಿದೆ.

ಆದರೆ ಒಂದು ಕಾಗದವನ್ನು ಬೇಗ ದಾಟಿಹೋಗಲು ನನಗೆ ಮನಸ್ಸಿಲ್ಲ. ಗುರುಗಳು ವಧುವನ್ನೂ ವರನನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಪ್ರಶ್ನೆ ಕೇಳಿ ಉತ್ತರಗಳನ್ನು ಬರೆದುಕೊಳ್ಳುವ ವಿಚಾರಣೆ ಒಂದಿದೆ. ಯಾರಾದರೂ ನಿಮ್ಮನ್ನು ಬಲವಂತಪಡಿಸಿದ್ದಾರೆಯೇ, ಏನಾದರೂ ಷರತ್ತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀರಾ, ಇದು ಸಾಯುವವರೆಗಿನ ಬಂಧವೆಂದು ಒಪ್ಪುತ್ತೀರಾ, ಮಕ್ಕಳ ಬಗ್ಗೆ ನಿಮ್ಮ ಉದ್ದೇಶವೇನು ಎಂಬಂಥ ಪ್ರಶ್ನೆಗಳು. ನಾನು ನನ್ನ ಸರದಿಯಲ್ಲಿ ಎಲ್ಲಕ್ಕೂ ‘ಇಲ್ಲ ಫಾದರ್’, ‘ಹೌದು ಫಾದರ್’ ಎಂದು ಐದು ನಿಮಿಷದಲ್ಲಿ ಎದ್ದುಬಂದಿದ್ದೆ. ತಂಗಿ ಹೊರಗೆ ಬಂದಾಗ ಮುಕ್ಕಾಲು ಗಂಟೆಯಾಗಿತ್ತು. ದಾರಿಯಲ್ಲಿ ಅವಳು ಹೇಳಿದಳು: ‘ಅಕ್ಕಾ, ನಿನಗೆ ನಿಜಕ್ಕೂ ಇಷ್ಟವಿದೆಯಾ ಎಂದು ಈ ಮದುವೆ ಗೊತ್ತಾದಂದಿನಿಂದ ನನ್ನನ್ನು ಒಬ್ಬಳೇ ಕೂರಿಸಿ ಕೇಳಿದವರು ಅವರೊಬ್ಬರೇ.’ ನಾನೂ ಕೇಳಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ದಿನಾಂಕದ ಬಗ್ಗೆ ನಮಗೆ ಹೆಚ್ಚು ತೊಡಕಾಗಲಿಲ್ಲ. ಪವಿತ್ರ ಶುಕ್ರವಾರ (ಗುಡ್ ಫ್ರೈಡೆ) ಮತ್ತು ಮರುದಿನದ ಪವಿತ್ರ ಶನಿವಾರಗಳಂದು ಮದುವೆ ಸರ್ವಥಾ ಇಲ್ಲ. ಈಸ್ಟರ್‌ಗೆ ಮುಂಚಿನ ಪ್ರಾಯಶ್ಚಿತ್ತದ ಕಾಲವಾದ ತಪಸ್ಸುಕಾಲದ ಇತರ ದಿನಗಳಲ್ಲಿ ಸಾರ್ವತ್ರಿಕ ನಿಷೇಧವಿಲ್ಲದಿದ್ದರೂ, ಆ ಕಾಲದ ಗಾಂಭೀರ್ಯಕ್ಕೆ ತಕ್ಕಂತೆ ನಡೆಸಬೇಕಾಗುತ್ತದೆ. ಬಲಿಪೀಠಕ್ಕೆ ಹೂವಿನ ಅಲಂಕಾರವೂ ಸಾಮಾನ್ಯವಾಗಿ ಇರುವುದಿಲ್ಲ. ಆಗಮನ ಕಾಲ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು), ತಪಸ್ಸುಕಾಲ ಮತ್ತು ಪಾಸ್ಖ ಕಾಲದ (ಈಸ್ಟರ್ ನಂತರದ ವಾರಗಳ) ಭಾನುವಾರಗಳಲ್ಲಿ, ಮಹೋತ್ಸವಗಳಲ್ಲಿ ಮದುವೆಯಿಟ್ಟುಕೊಂಡರೆ ಬಲಿಪೂಜೆಯ (ರೊಟ್ಟಿ, ದ್ರಾಕ್ಷಾರಸಗಳನ್ನು ಅರ್ಪಿಸುವ ಮುಖ್ಯ ಆರಾಧನೆಯ) ಪ್ರಾರ್ಥನೆಗಳೂ ವಾಚನಗಳೂ ಆ ದಿನದವೇ ಆಗಿರುತ್ತವೆ. ವಾಚನಗಳನ್ನು ತಾವೇ ಆರಿಸಿಕೊಳ್ಳಬೇಕೆಂಬ ಆಸೆಯಿರುವವರು ಸಭಾಂಗಣವನ್ನು ಗೊತ್ತುಮಾಡುವ ಮೊದಲು ಆರಾಧನಾ ಪಂಚಾಂಗವನ್ನು ನೋಡುವುದು ಒಳ್ಳೆಯದು.

ಮದುವೆಯನ್ನು ಬಲಿಪೂಜೆಯೊಳಗೆ ನಡೆಸಬೇಕೋ ಬಲಿಪೂಜೆಯಿಲ್ಲದೆ ನಡೆಸಬೇಕೋ ಎಂಬುದು ಬಹಳ ಮಂದಿ ಪ್ರಶ್ನೆಯೆಂದೇ ತಿಳಿಯದ ಪ್ರಶ್ನೆ. ಇಬ್ಬರೂ ಕಥೋಲಿಕರಾಗಿದ್ದರೆ ಬಲಿಪೂಜೆಯೊಳಗೆ ನಡೆಯುವುದು ಸಹಜ. ವಿವಾಹದ ಒಡಂಬಡಿಕೆಯನ್ನು ಕ್ರಿಸ್ತನ ಒಡಂಬಡಿಕೆಯ ಪಕ್ಕದಲ್ಲಿಯೇ ಇರಿಸುವ ಕ್ರಮವದು. ಆದರೆ ಒಬ್ಬರು ಕಥೋಲಿಕರಲ್ಲದಿದ್ದಾಗ ವಿಧಿಗ್ರಂಥವೇ ಬೇರೆ ರೂಪವನ್ನು ಕೊಡುತ್ತದೆ. ನನ್ನ ಗೆಳತಿಯೊಬ್ಬಳು ಕ್ರೈಸ್ತರಲ್ಲದವರನ್ನು ಮದುವೆಯಾದಾಗ ಧರ್ಮಾಧ್ಯಕ್ಷರ ವಿನಾಯಿತಿ ಪಡೆದು, ಬಲಿಪೂಜೆಯಿಲ್ಲದೆ, ವಾಕ್ಯ ವಾಚನ, ಸಮ್ಮತಿ, ಉಂಗುರ, ಆಶೀರ್ವಾದಗಳ ಸರಳ ವಿಧಿಯಲ್ಲಿ ಮದುವೆ ನಡೆಯಿತು. ಇದೇನು ಅರ್ಧ ಮದುವೆಯೇ ಎಂದು ಅವಳ ಮನೆಯ ಹಿರಿಯರು ಗೊಣಗಿದರು. ನನಗನ್ನಿಸಿದ್ದು ಬೇರೆ. ಬಲಿಪೂಜೆಯಿದ್ದಿದ್ದರೆ, ಕ್ರೈಸ್ತರಲ್ಲದವರಿಗೆ ಕೊಡದ ಪರಮಪ್ರಸಾದದ ಹೊತ್ತಿನಲ್ಲಿ ಅವಳು ಎದ್ದು ಮುಂದೆ ಹೋಗಬೇಕಿತ್ತು, ಆಗತಾನೇ ಕೈಹಿಡಿದವನು ಕುರ್ಚಿಯಲ್ಲಿ ಒಬ್ಬನೇ ಕೂತಿರಬೇಕಿತ್ತು, ಚರ್ಚಿನ ಒಂದು ಬದಿಯ ಬೆಂಚುಗಳೆಲ್ಲ ಏಳದೆ ಉಳಿಯಬೇಕಿತ್ತು. ಆ ಸರಳ ವಿಧಿಯಲ್ಲಿ ಎರಡೂ ಮನೆಯವರು ಮೊದಲಿಂದ ಕೊನೆಯವರೆಗೆ ಒಟ್ಟಿಗೆ ಎದ್ದರು, ಒಟ್ಟಿಗೆ ಕೂತರು.

ಇನ್ನು ವಾಚನಗಳು. ನಾವು ಅತಿ ಹೆಚ್ಚು ಸಂಜೆಗಳನ್ನು ಕಳೆದದ್ದು ಇಲ್ಲಿ, ಮತ್ತು ಇಡೀ ಸಿದ್ಧತೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದೂ ಇದೇ. ಹಳೆಯ ಒಡಂಬಡಿಕೆ, ಪ್ರೇಷಿತರ ಪತ್ರಗಳು, ಯೇಸುವಿನ ಜೀವನವನ್ನು ಹೇಳುವ ಶುಭಸಂದೇಶ ಎಂದು ಹತ್ತಾರು ಭಾಗಗಳನ್ನು ವಿಧಿಗ್ರಂಥ ಸೂಚಿಸುತ್ತದೆ. ಅವುಗಳಲ್ಲಿ ಕನಿಷ್ಠ ಒಂದಾದರೂ ಮದುವೆಯ ಬಗ್ಗೆ ನೇರವಾಗಿ ಮಾತಾಡುವ ಭಾಗವಾಗಿರಬೇಕೆಂಬ ನಿಯಮವಿದೆ. ಎಲ್ಲರೂ ಆರಿಸುವುದು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 13ನೇ ಅಧ್ಯಾಯವನ್ನು, ಪ್ರೀತಿ ಸಹನೆಯುಳ್ಳದ್ದು, ದಯೆಯುಳ್ಳದ್ದು ಎಂಬ ಆ ಭಾಗವನ್ನು. ಅದು ಸುಂದರವೇ, ಆದರೆ ಆ ಪತ್ರ ಬರೆದ ಪ್ರೇಷಿತ ಪೌಲನು ಅದನ್ನು ವಧೂವರರಿಗಾಗಿ ಬರೆಯಲಿಲ್ಲ. ದೇವರು ಕೊಟ್ಟ ವರಗಳಲ್ಲಿ ಯಾರದು ದೊಡ್ಡದು, ಯಾರು ಮೇಲು ಎಂದು ತಮ್ಮತಮ್ಮಲ್ಲಿ ಜಗಳವಾಡುತ್ತಿದ್ದ ಒಂದು ಸಭೆಗೆ ಬರೆದ. ಇದನ್ನು ಹೇಳಿದಾಗ ವರ ನಕ್ಕು, ‘ಹಾಗಾದರೆ ಮದುವೆಯಾಗಿ ಎರಡು ವರ್ಷವಾದ ಮೇಲೆ ಇದನ್ನು ಓದುವುದು ಸರಿ’ ಎಂದರು. ಎಫೆಸಿಯರಿಗೆ ಬರೆದ ಪತ್ರದ ಐದನೇ ಅಧ್ಯಾಯವನ್ನು ತಂಗಿ ನೋಡಿದ ಕೂಡಲೇ ಬೇಡವೆಂದಳು. ಹೆಂಡತಿಯರು ಅಧೀನರಾಗಿರಲಿ ಎಂಬ ಮಾತು ಅವಳಿಗೆ ಹಿಡಿಸಲಿಲ್ಲ. ಆ ಭಾಗ ಶುರುವಾಗುವುದು ಪರಸ್ಪರ ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬ 21ನೇ ವಚನದಿಂದ ಎಂದು ನಾನು ತೋರಿಸಿದೆನಾದರೂ, ಒಪ್ಪಿಸಲು ಹೋಗಲಿಲ್ಲ. ಮನಸ್ಸಿನಲ್ಲಿ ಮುಳ್ಳಿಟ್ಟುಕೊಂಡು ಕೇಳಬೇಕಾದ ವಾಚನ ಆ ದಿನಕ್ಕೆ ಬೇಡ.

ಮೂರನೆಯ ಸಂಜೆ ತೊಬೀತ ಗ್ರಂಥಕ್ಕೆ ಬಂದೆವು. ಕಥೋಲಿಕ ಬೈಬಲ್ಲಿನಲ್ಲಿ ಇದ್ದು ಪ್ರೊಟೆಸ್ಟಂಟ್ ಬೈಬಲ್ಲಿನ ಅಂಗೀಕೃತ ಗ್ರಂಥಗಳಲ್ಲಿ ಇಲ್ಲದ ಪುಸ್ತಕಗಳಲ್ಲಿ ಇದೂ ಒಂದು. ಅದರ ಎಂಟನೇ ಅಧ್ಯಾಯದಲ್ಲಿ ತೊಬೀಯ ಮತ್ತು ಸಾರಾ ಮದುವೆಯ ರಾತ್ರಿ ಹಾಸಿಗೆಯಿಂದೆದ್ದು ಪ್ರಾರ್ಥಿಸುತ್ತಾರೆ. ವಿವಾಹವಿಧಿಗೆ ಆರಿಸಿರುವುದು ಆ ಪ್ರಾರ್ಥನೆಯ ಭಾಗ. ಆದರೆ ಅದರ ಹಿಂದುಮುಂದಿನ ಕಥೆಯನ್ನು ಓದದೆ ಪ್ರಾರ್ಥನೆಯ ತೂಕ ತಿಳಿಯುವುದಿಲ್ಲ. ಸಾರಾಳನ್ನು ಅದಕ್ಕೆ ಮೊದಲು ಏಳು ಮಂದಿಗೆ ಮದುವೆ ಮಾಡಿಕೊಟ್ಟಿದ್ದರು, ಏಳು ಮಂದಿಯೂ ಮದುವೆಯ ರಾತ್ರಿಯೇ ಸತ್ತಿದ್ದರು. ಎಂಟನೆಯವನೂ ಬದುಕಲಾರನೆಂದು ತಿಳಿದ ಅವಳ ತಂದೆ, ಮಗಳೂ ಅಳಿಯನೂ ಒಳಗಿರುವಾಗಲೇ ಆಳುಗಳನ್ನು ಕರೆದು ಹೊರಗೆ ಗುಂಡಿ ತೋಡಿಸುತ್ತಾನೆ; ಬೆಳಕು ಹರಿಯುವ ಮೊದಲೇ ಹೂಳಿಬಿಟ್ಟರೆ ಊರವರಿಗೆ ತಿಳಿಯುವುದಿಲ್ಲವೆಂಬ ಲೆಕ್ಕ. ಒಳಗೆ ಆ ಹುಡುಗ ಕೇಳಿಕೊಳ್ಳುತ್ತಿರುವುದು, ನಮ್ಮ ಮೇಲೆ ಕರುಣೆಯಿರಲಿ, ನಾವಿಬ್ಬರೂ ಒಟ್ಟಿಗೆ ಮುದುಕರಾಗುವಂತೆ ಮಾಡು ಎಂದು. ಕೊನೆಗೆ ಸೇವಕಿಯೊಬ್ಬಳು ದೀಪ ಹಿಡಿದು ಬಾಗಿಲು ತೆರೆದು ನೋಡಿದಾಗ ಇಬ್ಬರೂ ಗಾಢನಿದ್ದೆಯಲ್ಲಿರುತ್ತಾರೆ; ಗುಂಡಿಯನ್ನು ಮುಚ್ಚಿಸುತ್ತಾರೆ. ಇದನ್ನು ನಾನು ಗಟ್ಟಿಯಾಗಿ ಓದಿ ಮುಗಿಸಿದಾಗ ಇಬ್ಬರೂ ಸುಮ್ಮನಿದ್ದರು. ನಮ್ಮ ಅಪ್ಪ ಹಿಂದಿನ ವರ್ಷವಷ್ಟೇ ದೊಡ್ಡ ಕಾಯಿಲೆಯಿಂದ ಎದ್ದಿದ್ದರು. ‘ಇದೇ ಇರಲಿ’ ಎಂದಳು ತಂಗಿ.

ಎರಡನೆಯ ವಾಚನಕ್ಕೆ ಕೊಲೊಸ್ಸೆಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವನ್ನು ವರ ಆರಿಸಿದರು. ಕನಿಕರ, ದೀನತೆ, ಸಹನೆಗಳನ್ನು ಉಡುಪಿನಂತೆ ಧರಿಸಿಕೊಳ್ಳಿರಿ, ಒಬ್ಬರನ್ನೊಬ್ಬರು ಕ್ಷಮಿಸಿರಿ ಎಂಬ ಭಾಗ. ಉಡುಪಿಗಾಗಿ ಅಷ್ಟು ತಿರುಗಾಡಿದ ವಾರದಲ್ಲಿ ಅದು ಸರಿಯಾಗಿಯೇ ಇತ್ತು. ಶುಭಸಂದೇಶಕ್ಕೆ, ಯೇಸು ನೀರನ್ನು ದ್ರಾಕ್ಷಾರಸವಾಗಿಸಿದ ಕಾನಾ ಊರಿನ ಮದುವೆಯನ್ನು ಯಾರೂ ಚರ್ಚಿಸದೆ ಒಪ್ಪಿಕೊಂಡೆವು. ಪಟ್ಟಿಯನ್ನು ಗುರುಗಳಿಗೆ ಒಂದು ತಿಂಗಳು ಮೊದಲೇ ಕೊಟ್ಟು, ಈ ಭಾಗಗಳನ್ನೇ ಏಕೆ ಆರಿಸಿದೆವೆಂದು ಅರ್ಧ ಪುಟ ಬರೆದು ಜೊತೆಗಿಟ್ಟೆವು. ಪ್ರಬೋಧನೆ ಅವರ ಕೆಲಸ, ಅದರಲ್ಲಿ ನಾವು ತಲೆಹಾಕುವುದು ಸಲ್ಲದು. ಆದರೆ ಕಾರಣ ತಿಳಿದಿದ್ದರೆ ಅವರು ಈ ಇಬ್ಬರಿಗೆ ಮಾತಾಡಬಲ್ಲರು, ಇಲ್ಲದಿದ್ದರೆ ಯಾವುದೋ ಇಬ್ಬರಿಗೆ ಮಾತಾಡಬೇಕಾಗುತ್ತದೆ. ವಾಚಕರನ್ನು ಆರಿಸುವಾಗ ಒಂದು ನೆಂಟಸ್ತಿಕೆಯ ಸಂಕಟ ಎದುರಾಯಿತು. ಗೌರವ ತೋರಿಸಬೇಕಾದವರೆಲ್ಲರಿಗೂ ವಾಚನ ಕೊಡಲಾಗುವುದಿಲ್ಲ, ಕೊಡಲೂಬಾರದು. ದೇವರ ವಾಕ್ಯ ಹಿಂದಿನ ಬೆಂಚಿಗೂ ಕೇಳುವಂತೆ ಓದಬಲ್ಲವರಿಗೇ ಕೊಡಬೇಕು. ಇಬ್ಬರನ್ನು ಮುಂಚೆಯೇ ಒಂದು ದಿನ ಚರ್ಚಿಗೆ ಕರೆದು, ಅದೇ ಪೀಠದಲ್ಲಿ, ಅದೇ ಮೈಕಿನಲ್ಲಿ ಎರಡೆರಡು ಸಲ ಓದಿಸಿದೆವು.

ಸಂಗೀತದ ಬಗ್ಗೆ ನನ್ನ ಅಭಿಪ್ರಾಯ ಕೊಂಚ ಕಟುವಾದದ್ದು. ಹಾಡುಗಳ ಆಯ್ಕೆಗೆ ವಾರಗಟ್ಟಲೆ ತಲೆಕೆಡಿಸಿಕೊಳ್ಳುವವರು ಕೀರ್ತನೆಯನ್ನು ಹಾಡಿಸುವುದಿಲ್ಲ, ಅಲ್ಲೆಲೂಯ ಘೋಷಣೆಯನ್ನು ಓದಿಸಿಬಿಡುತ್ತಾರೆ, ಜನರು ಹಾಡಬೇಕಾದ ‘ಪರಮಪವಿತ್ರರು’ ಎಂಬ ಭಾಗವನ್ನು ಯಾರಿಗೂ ಬಾರದ ಹೊಸ ರಾಗದಲ್ಲಿ ಗಾಯನವೃಂದಕ್ಕೆ ಒಪ್ಪಿಸುತ್ತಾರೆ. ಆರಾಧನೆಯಲ್ಲಿ ಮೊದಲು ಹಾಡಬೇಕಾದುದು ಆರಾಧನೆಯ ಮಾತುಗಳನ್ನೇ. ಉಳಿದ ಹಾಡುಗಳು ಆಮೇಲೆ. ವಧು ಬರುವಾಗ ಲೋಕವೆಲ್ಲ ನುಡಿಸುವ ಆ ಪ್ರಸಿದ್ಧ ರಾಗವಿದೆಯಲ್ಲ, ಅದು 1850ರಲ್ಲಿ ಮೊದಲು ರಂಗಕ್ಕೆ ಬಂದ ವಾಗ್ನರನ ಲೋಹೆಂಗ್ರಿನ್ ಎಂಬ ಗೀತನಾಟಕದ್ದು. ನಾಟಕದಲ್ಲಿ ಅದನ್ನು ಹಾಡುವುದು ಮದುವೆ ಮುಗಿದ ಮೇಲೆ, ದಂಪತಿಯನ್ನು ಶಯನಗೃಹಕ್ಕೆ ಕರೆದೊಯ್ಯುವಾಗ, ಮತ್ತು ಆ ದಾಂಪತ್ಯ ಅದೇ ರಾತ್ರಿ ಮುರಿದುಬೀಳುತ್ತದೆ. ಕೆಲವು ಚರ್ಚುಗಳಲ್ಲಿ ಅದನ್ನು ನುಡಿಸಲು ಬಿಡದಿರುವುದಕ್ಕೆ ಅದರ ನಾಟಕದ ಮೂಲವೂ ಒಂದು ಕಾರಣ. ತಂಗಿಗೆ ಈ ಕಥೆ ಹೇಳಿದ ಮೇಲೆ ಚರ್ಚೆಯೇ ಬೇಕಾಗಲಿಲ್ಲ.

ಪ್ರವೇಶದ ವಿಷಯದಲ್ಲಿ ಮಾತ್ರ ಚರ್ಚೆ ನಡೆಯಿತು, ಅದೂ ಅಪ್ಪನ ಜೊತೆ. ವರ ಬಲಿಪೀಠದ ಬಳಿ ಕಾದಿದ್ದು, ತಂದೆ ಮಗಳನ್ನು ಕೈಹಿಡಿದು ಕರೆತಂದು ಒಪ್ಪಿಸುವ ದೃಶ್ಯವನ್ನು ನಾವೆಲ್ಲ ಸಿನಿಮಾಗಳಲ್ಲಿ ನೋಡಿದ್ದೇವೆ. ವಿಧಿಗ್ರಂಥದಲ್ಲಿ ‘ಒಪ್ಪಿಸುವ’ ಕ್ರಿಯೆಯೇ ಇಲ್ಲ. ಗುರುಗಳು ಬಾಗಿಲಿಗೆ ಬಂದು ವಧೂವರರಿಬ್ಬರನ್ನೂ ಸ್ವಾಗತಿಸುತ್ತಾರೆ. ಮೆರವಣಿಗೆಯಲ್ಲಿ ಪೀಠಸೇವಕರು, ಗುರುಗಳು, ಅವರ ಹಿಂದೆ ವಧೂವರರು ಒಟ್ಟಿಗೆ ನಡೆಯುತ್ತಾರೆ. ಇಬ್ಬರ ತಂದೆತಾಯಿಯರೂ ಇಬ್ಬರು ಸಾಕ್ಷಿಗಳೂ ಅವರೊಂದಿಗೆ ಬರಬಹುದು. ಸಂಸ್ಕಾರವನ್ನು ಪರಸ್ಪರ ನೀಡಲು ಬಂದ ಇಬ್ಬರು ವಯಸ್ಕರು ಜೊತೆಯಾಗಿ ನಡೆದುಬರುವುದು ನನಗೆ ಸರಿಯೆನಿಸುತ್ತದೆ. ‘ಹಾಗಾದರೆ ನನ್ನ ಕೆಲಸವೇನು?’ ಎಂದು ಅಪ್ಪ ಸ್ವಲ್ಪ ನೊಂದು ಕೇಳಿದರು. ಅವರೂ ಅಮ್ಮನೂ ತಂಗಿಯ ಒಂದು ಬದಿಗೆ, ವರನ ತಂದೆತಾಯಿ ಇನ್ನೊಂದು ಬದಿಗೆ ನಡೆಯುವುದೆಂದು ಹೇಳಿದಾಗ, ಅಮ್ಮನಿಗೂ ಒಂದು ಜಾಗ ಸಿಕ್ಕಿತೆಂಬ ಕಾರಣಕ್ಕೆ ಅವರು ಒಪ್ಪಿದರು.

ಸಮ್ಮತಿಗೆ ಮೊದಲು ಗುರುಗಳು ಮೂರು ಪ್ರಶ್ನೆಗಳನ್ನು ಕೇಳುತ್ತಾರೆ: ಸ್ವಇಚ್ಛೆಯಿಂದ ಬಂದಿದ್ದೀರಾ, ಜೀವಮಾನವೆಲ್ಲ ಪ್ರೀತಿಸಿ ಗೌರವಿಸಲು ಸಿದ್ಧರಿದ್ದೀರಾ, ದೇವರು ಕೊಡುವ ಮಕ್ಕಳನ್ನು ಸ್ವೀಕರಿಸಿ ವಿಶ್ವಾಸದಲ್ಲಿ ಬೆಳೆಸಲು ಸಿದ್ಧರಿದ್ದೀರಾ. ವಯಸ್ಸಾದವರ ಮದುವೆಯಂಥ ಸಂದರ್ಭಗಳಲ್ಲಿ ಮೂರನೆಯದನ್ನು ಬಿಡಬಹುದು. ಬಳಿಕ ಇಬ್ಬರೂ ಬಲಗೈಗಳನ್ನು ಜೋಡಿಸಿ ಸಮ್ಮತಿಯ ಮಾತುಗಳನ್ನು ಹೇಳುತ್ತಾರೆ. ತಾವೇ ಬರೆದ ಪ್ರತಿಜ್ಞೆಯನ್ನು ಇಲ್ಲಿ ಹೇಳಲು ಅವಕಾಶವಿಲ್ಲ ಎಂಬುದು ತಂಗಿಗೆ ಮೊದಲು ಬೇಸರ ತಂದಿತ್ತು. ಹಳೆಯ ಮಾತುಗಳು ಒಂದು ವಿಷಯದಲ್ಲಿ ನಾವು ಬರೆಯುವ ಮಾತುಗಳಿಗಿಂತ ಧೈರ್ಯವಂತ ಮಾತುಗಳು: ಅನಾರೋಗ್ಯ, ದುಃಖ ಎಂಬ ಪದಗಳನ್ನು ಮದುವೆಯ ದಿನವೇ ಉಚ್ಚರಿಸುತ್ತವೆ. ನಾವೇ ಬರೆದುಕೊಂಡಿದ್ದರೆ ಅವು ಬರುತ್ತಿದ್ದವೇ ಎಂದು ಕೇಳಿದೆ. ತಾನು ಬರೆದದ್ದನ್ನು ಅವಳು ಪತ್ರವಾಗಿಸಿ, ಹಿಂದಿನ ರಾತ್ರಿ ವರನಿಗೆ ಕಳುಹಿಸಿದಳು.

ಗುರುಗಳು ಹೇಳಿಕೊಟ್ಟಂತೆ ತುಂಡುತುಂಡಾಗಿ ಹೇಳುವ ಬದಲು ಪೂರ್ತಿ ಕಂಠಪಾಠ ಮಾಡಿ ಹೇಳುವುದೆಂದು ಇಬ್ಬರೂ ನಿರ್ಧರಿಸಿದರು. ನಡುಕ ಬಂದರೆಂದು ಗುರುಗಳ ಕೈಯಲ್ಲಿ ಪುಸ್ತಕ ತೆರೆದೇ ಇರುತ್ತದೆ. ನಿಲ್ಲುವ ರೀತಿಯನ್ನೂ ಯೋಚಿಸಬೇಕು. ನನ್ನ ಮದುವೆಯಲ್ಲಿ ನಾವಿಬ್ಬರೂ ಗುರುಗಳಿಗೆ ಮುಖಮಾಡಿ ನಿಂತಿದ್ದೆವು, ಹಾಗಾಗಿ ನನ್ನ ಗಂಡನನ್ನು ಸ್ವೀಕರಿಸುತ್ತೇನೆಂದು ನಾನು ಹೇಳಿದ್ದು ಗುರುಗಳ ಕನ್ನಡಕಕ್ಕೆ. ತಂಗಿಯ ಮದುವೆಯಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಎದುರಾಗಿ, ಜನರಿಗೆ ಪಕ್ಕದಿಂದ ಕಾಣುವಂತೆ ನಿಂತರು. ಕೈಯಲ್ಲಿ ಹಿಡಿಯುವ ಮೈಕು ಬೇಡವೆಂದೆವು, ಏಕೆಂದರೆ ಎರಡು ಬಲಗೈಗಳು ಜೋಡಿಸಿರುವಾಗ ಅದನ್ನು ಹಿಡಿಯುವ ಮೂರನೆಯವರೊಬ್ಬರು ಮಧ್ಯೆ ನುಸುಳಬೇಕಾಗುತ್ತದೆ. ತಾಲೀಮಿನ ದಿನ ಗುರುಗಳು ಸಮ್ಮತಿಯ ಮಾತುಗಳನ್ನು ಪೂರ್ತಿ ಹೇಳಿಸಲಿಲ್ಲ. ಮೊದಲೆರಡು ಪದಗಳಿಗೇ ಕೈಯೆತ್ತಿ ನಿಲ್ಲಿಸಿ, ‘ಉಳಿದದ್ದು ನಾಳೆಗೆ ಇರಲಿ’ ಎಂದರು.

ಚುಂಬನ, ಎರಡು ಬತ್ತಿಗಳಿಂದ ಒಂದು ಬತ್ತಿ ಹೊತ್ತಿಸುವುದು, ‘ಯಾರದಾದರೂ ಆಕ್ಷೇಪವಿದ್ದರೆ ಈಗಲೇ ಹೇಳಿ’ ಎಂಬ ಘೋಷಣೆ, ಇವು ಯಾವುವೂ ವಿಧಿಯ ಸಾಮಾನ್ಯ ಪಠ್ಯದಲ್ಲಿಲ್ಲ. ಅಲ್ಲಿರುವ ಒಂದು ಸಣ್ಣ ಸಂಗತಿಯನ್ನು ಮಾತ್ರ ಬಹಳ ಕಡೆ ಬಿಟ್ಟುಬಿಡುತ್ತಾರೆ: ಗುರುಗಳು ಸಮ್ಮತಿಯನ್ನು ಸ್ವೀಕರಿಸಿದ ಕೂಡಲೇ ಸೇರಿದವರೆಲ್ಲ ದೇವರಿಗೆ ಕೃತಜ್ಞತೆ ಹೇಳುವ ಘೋಷಣೆ. ಅದನ್ನು ಕೈಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚುಹಾಕಿಸಿದೆವು.

ವಿಶ್ವಾಸಿಗಳ ಪ್ರಾರ್ಥನೆಯನ್ನು ವಧೂವರರೇ ಬರೆದುಕೊಳ್ಳಬಹುದು. ಸ್ವಂತ ಮಾತಿನ ಆಸೆಯಿರುವವರಿಗೆ ಜಾಗವಿರುವುದು ಇಲ್ಲಿ. ಅಂದು ಬಂದವರಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಚಿಕ್ಕಮ್ಮ, ಬೇರೆಯಾಗಿ ಬಾಳುತ್ತಿರುವ ಒಂದು ಜೋಡಿ, ಮದುವೆಯಾಗದೆ ಉಳಿದ ಇಬ್ಬರು ಗೆಳತಿಯರು ಇದ್ದರು. ಯಾರ ಹೆಸರನ್ನೂ ಹೇಳದೆ, ಯಾರನ್ನೂ ಎತ್ತಿ ತೋರಿಸದೆ, ಅವರೆಲ್ಲರೂ ಒಳಗಾಗುವಂತೆ ನಾಲ್ಕು ಪ್ರಾರ್ಥನೆಗಳನ್ನು ಬರೆಯಲು ತಂಗಿಗೆ ಎರಡು ವಾರ ಹಿಡಿಯಿತು.

‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂಬ ಪ್ರಾರ್ಥನೆಯ ನಂತರ ವಧೂವರರ ಮೇಲೆ ಹೇಳುವ ದೀರ್ಘ ಆಶೀರ್ವಾದ ಈ ವಿಧಿಯ ಅತ್ಯಂತ ಹಳೆಯ ಪರಂಪರೆಗಳಲ್ಲೊಂದು, ಮತ್ತು ಜನರ ಗಮನ ಅತ್ಯಂತ ಕಡಿಮೆಯಿರುವ ಹೊತ್ತೂ ಅದೇ. ಅಷ್ಟರಲ್ಲಿ ಉಂಗುರ ಮುಗಿದಿರುತ್ತದೆ, ಮನಸ್ಸುಗಳು ಹೊರಗೆ ಹೊರಟಿರುತ್ತವೆ. ಹಿಂದೆ ಈ ಪ್ರಾರ್ಥನೆ ಮುಖ್ಯವಾಗಿ ವಧುವಿಗಾಗಿಯೇ ಇತ್ತು. ಅವಳು ನಿಷ್ಠಳಾಗಿರಲಿ ಎಂದು ಬೇಡುತ್ತಿತ್ತು. ನಿಷ್ಠೆಯ ಹೊಣೆ ಇಬ್ಬರಿಗೂ ಸಮಾನವೆಂಬುದು ಅದರಲ್ಲಿ ಕಾಣುವಂತೆ ತಿದ್ದಬೇಕೆಂದು 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. ಈಗಿರುವ ಮೂರು ರೂಪಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ನಾವು ಮೂರನ್ನೂ ಗಟ್ಟಿಯಾಗಿ ಓದಿ ಆರಿಸಿದೆವು. ಆ ಹೊತ್ತಿನಲ್ಲಿ ಗಾಯನವೃಂದ ಮೆಲುದನಿಯಲ್ಲೂ ಏನನ್ನೂ ನುಡಿಸಬಾರದೆಂದು ಕೇಳಿಕೊಂಡೆವು.

ಪೋಪ್ ಫ್ರಾನ್ಸಿಸ್ ಅವರು 2016ರ ಪ್ರೇಷಿತ ಪ್ರಬೋಧನಾ ಪತ್ರದಲ್ಲಿ, ಆಮಂತ್ರಣ, ಉಡುಪು, ಔತಣಗಳ ಗಡಿಬಿಡಿಯಲ್ಲಿ ವಧೂವರರು ದಣಿದು ಬಳಲಿ ಆರಾಧನೆಗೆ ಬರುತ್ತಾರೆಂದು ಬರೆದಿದ್ದಾರೆ. ಅದಕ್ಕೆ ನಾವು ಮಾಡಿದ್ದು ಇಷ್ಟೇ: ಮದುವೆಯ ಹಿಂದಿನ ಸಂಜೆಯನ್ನು ಖಾಲಿ ಬಿಟ್ಟೆವು. ಇಬ್ಬರೂ ಪಾಪನಿವೇದನೆ ಮಾಡಿ, ಖಾಲಿ ಚರ್ಚಿನಲ್ಲಿ ಅರ್ಧ ಗಂಟೆ ಕೂತಿದ್ದು ಮನೆಗೆ ಹೋದರು. ಫೋಟೋಗ್ರಾಫರ್ ಜೊತೆ ನಾನೇ ಮಾತಾಡಿದ್ದೆ: ಬಲಿಪೀಠದ ಮೆಟ್ಟಿಲು ಹತ್ತುವಂತಿಲ್ಲ, ಫ್ಲ್ಯಾಶ್ ಇಲ್ಲ, ಯಾವುದನ್ನೂ ಮತ್ತೊಮ್ಮೆ ಮಾಡಿಸುವಂತಿಲ್ಲ. ದಾಖಲೆ ಪುಸ್ತಕಕ್ಕೆ ಸಹಿ ಹಾಕುವುದನ್ನು ಬೇಕಾದಷ್ಟು ತೆಗೆಯಿರಿ ಎಂದೆ. ಆ ಸಹಿ ಬಲಿಪೀಠದ ಮೇಲೆ ನಡೆಯಬಾರದೆಂಬ ನಿಯಮವಿರುವುದರಿಂದ ಪಕ್ಕದಲ್ಲಿ ಒಂದು ಮೇಜು ಹಾಕಿಸಿದ್ದೆವು.

ಅಂದು ವರನ ಬೆರಳಿನ ಗೆಣ್ಣಿನ ಬಳಿ ಉಂಗುರ ಸಿಕ್ಕಿಕೊಂಡಿತು. ತಂಗಿ ಒಮ್ಮೆ ಒತ್ತಿದಳು, ಹೋಗಲಿಲ್ಲ. ಅವಳು ಕೈಯನ್ನು ಬಿಡದೆ, ಅವನ ಮುಖವನ್ನೊಮ್ಮೆ ನೋಡಿ, ಉಂಗುರವನ್ನು ಮೆಲ್ಲನೆ ತಿರುಗಿಸುತ್ತಾ ಒಳಗೆ ಸರಿಸಿದಳು. ಅಷ್ಟು ಹೊತ್ತೂ ಚರ್ಚಿನಲ್ಲಿ ಯಾರೂ ಕೆಮ್ಮಲಿಲ್ಲ. ಫೋಟೋಗ್ರಾಫರ್ ಕಂಬದ ಬಳಿ ನಿಂತಿದ್ದರಿಂದ ಆ ಕ್ಷಣದ ಚಿತ್ರದಲ್ಲಿ ಕಾಣುವುದು ತಂಗಿಯ ಬೆನ್ನು, ಮುಂದಕ್ಕೆ ಬಾಗಿದ ಅವನ ತಲೆ, ಮತ್ತು ಪುಸ್ತಕ ಹಿಡಿದು ಕಾಯುತ್ತಿರುವ ಗುರುಗಳು. ಬೆರಳೂ ಇಲ್ಲ, ಉಂಗುರವೂ ಇಲ್ಲ. ಅವರ ಮನೆಯ ಗೋಡೆಯ ಮೇಲೆ ಈಗ ಇರುವುದು ಆ ಚಿತ್ರ.